ನಿವಾಸಿ ಯಾರು, ಪ್ರವಾಸಿ ಯಾರು? – ಚನ್ನಗಿರಿಯಲ್ಲಿ ಎದ್ದ ಒಂದು ಪ್ರಶ್ನೆ

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಪ್ರಯೋಜನವಿಲ್ಲದೆ ಜೀವಗಳಿಗೆ ಉಂಟುಮಾಡುವ ನೋವಿನಿಂದ ಹಿಂದೆ ಸರಿಯುವುದೇ ಇದರ ಸ್ವರೂಪವೆಂಬುದು ಓದುಗರಿಗೆ ತಿಳಿದದ್ದೇ. ಆಚಾರ್ಯ ಸಮಂತಭದ್ರರು ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಕೊನೆಯದಾದ ಪ್ರಮಾದಚರ್ಯೆಯನ್ನು ವಿವರಿಸುವಾಗ ನೆಲ, ನೀರು, ಬೆಂಕಿ, ಗಾಳಿಗಳನ್ನು ವ್ಯರ್ಥವಾಗಿ ಕದಡುವುದು, ಕಾರಣವಿಲ್ಲದೆ ಗಿಡಮರಗಳನ್ನು ಕಡಿಯುವುದು ಇವುಗಳ ಜೊತೆಗೆ ಸುಮ್ಮನೆ ಅಲೆಯುವುದನ್ನೂ, ಇತರರನ್ನು ಅಲೆಯಿಸುವುದನ್ನೂ ಸೇರಿಸಿದ್ದಾರೆ. ನೆಲ ಅಗೆಯುವವನೂ ಊರು ಸುತ್ತುವವನೂ ಒಂದೇ ಸಾಲಿನಲ್ಲಿ ನಿಂತಿರುವುದು ಮೊದಲ ಓದಿಗೆ ವಿಚಿತ್ರವೆನಿಸುತ್ತದೆ. ಅನೇಕ ವರ್ಷ ನನಗೂ ಹಾಗೆಯೇ ಅನಿಸಿತ್ತು. ಅದರ ಅರ್ಥ ಸ್ವಲ್ಪಮಟ್ಟಿಗೆ ತಿಳಿದದ್ದು ಚನ್ನಗಿರಿಯಲ್ಲಿ. ಅಲ್ಲಿ ನಾನು ಊರು ಸುತ್ತುವವನಾಗಿದ್ದೆ, ನನ್ನ ಸೋದರಮಾವನವರು ನೆಲ ಅಗೆಯುವವರಾಗಿದ್ದರು.

ಚನ್ನಗಿರಿ ದಾವಣಗೆರೆ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. 1997ರಲ್ಲಿ ಆ ಜಿಲ್ಲೆ ರಚನೆಯಾಗುವವರೆಗೆ ಶಿವಮೊಗ್ಗಕ್ಕೆ ಸೇರಿತ್ತು. ಹೊಳಲ್ಕೆರೆಯ ಕಡೆಯಿಂದ ಬರುವವರಿಗೆ ಒಣನೆಲ ಮುಗಿದು ಅಡಿಕೆ ತೋಟಗಳು ತೊಡಗುತ್ತವೆ. ಆ ಹಸಿರಿನ ಮೇಲೆ ಕೋಟೆಯ ಗುಡ್ಡ ಕಾಣಿಸುತ್ತದೆ. ಗುಡ್ಡದ ಮೇಲೆ ರಂಗನಾಥಸ್ವಾಮಿಯ ಗುಡಿಯಿದೆ, ಹೊಂಡಗಳಿವೆ. ಕೆಳಗೆ ಪೇಟೆ. ಯಾವ ಬೀದಿಯನ್ನು ಹಿಡಿದು ಹೊರಟರೂ ಸ್ವಲ್ಪ ಹೊತ್ತಿನಲ್ಲಿಯೇ ಹೊಲ, ತೋಟ, ಗದ್ದೆ ಎದುರಾಗುತ್ತವೆ. ಅಡಿಕೆ ಸುಲಿಯುವ ದಿನಗಳಲ್ಲಿ ಬೇಯಿಸಿದ ಅಡಿಕೆಯ ಚೊಗರಿನ ವಾಸನೆ ಪೇಟೆಯ ಒಳಗೂ ಇರುತ್ತದೆ. ಪಟ್ಟಣದ ಅಂಗಡಿ, ಆಭರಣದ ವ್ಯಾಪಾರ, ಮದುವೆಯ ಛತ್ರ, ಮಕ್ಕಳ ಶುಲ್ಕ ಎಲ್ಲವೂ ಅಂತಿಮವಾಗಿ ಆ ವರ್ಷದ ಅಡಿಕೆಯ ಧಾರಣೆಗೇ ಕಟ್ಟುಬಿದ್ದಿವೆ. (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಅಡಿಕೆ ಬೆಳೆಯುವ, ಮಾರುವ ಶ್ರಾವಕರು ಅದನ್ನೂ ಎದುರಿಸಲೇಬೇಕು. ಆದರೆ ಅದು ಬೇರೊಂದು ಲೇಖನದ ವಿಷಯ.)

ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಈ ಊರಿಗೆ ಹೆಸರು ಬಂದಿತೆಂದು ಪರಂಪರೆ ಹೇಳುತ್ತದೆ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಸುಮಾರು ಇಪ್ಪತ್ತೈದು ವರ್ಷ ಆಳಿದ ಆಕೆ, 1689ರಲ್ಲಿ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಅದರ ಫಲವಾಗಿ ಬಂದ ಯುದ್ಧವನ್ನೂ ಎದುರಿಸಿದಳು. ಆ ರಾಜಾರಾಮನ ತಾತ ಷಹಜಿ 1664ರಲ್ಲಿ ಬೇಟೆಗೆ ಹೋಗಿ ಕುದುರೆಯಿಂದ ಬಿದ್ದು ಸತ್ತದ್ದು ಇದೇ ತಾಲ್ಲೂಕಿನ ಹೊದಿಗೆರೆಯ ಬಳಿ. ಅವನ ಸಮಾಧಿ ಅಲ್ಲಿದೆ. ತಾತ ಬೇಟೆಗಾಗಿ ಬಂದು ಮಣ್ಣಾದ ಸೀಮೆಯೂ, ಮೊಮ್ಮಗನಿಗೆ ಅಭಯ ಕೊಟ್ಟವಳ ಹೆಸರಿನ ಊರೂ ಹೀಗೆ ಒಂದೇ ತಾಲ್ಲೂಕಿನಲ್ಲಿ ಕೂಡಿಕೊಂಡಿವೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಕೊಡುವವನಿಗೆ ಅತ್ಯಂತ ಕಷ್ಟವಾದದ್ದು ಅಭಯ. ಏಕೆಂದರೆ ಉಳಿದ ಮೂರರಲ್ಲಿ ವಸ್ತುವನ್ನು ಕೊಟ್ಟು ಕೈ ತೊಳೆದುಕೊಳ್ಳಬಹುದು. ಅಭಯದಲ್ಲಿ ಬಂದವನ ಅಪಾಯವನ್ನು ತನ್ನ ಮನೆಯೊಳಗೆ ಕರೆದುಕೊಳ್ಳಬೇಕಾಗುತ್ತದೆ.

ನಾನು ಆ ಊರಿಗೆ ಹೋಗುತ್ತಿದ್ದದ್ದು ಬೇಟೆಗಾಗಿಯೂ ಅಲ್ಲ, ಆಶ್ರಯಕ್ಕಾಗಿಯೂ ಅಲ್ಲ. ನೋಡಲು ಹೋಗುತ್ತಿದ್ದೆ. ತಾಯಿಯ ತವರೂರು, ಬೆಂಗಳೂರಿನಿಂದ ವರ್ಷಕ್ಕೊಮ್ಮೆ ಮಕ್ಕಳೊಡನೆ ಹೋಗಿ ನಾಲ್ಕು ದಿನ ಇದ್ದು ಬರುವುದು ವಾಡಿಕೆ. ಒಂದು ದಿನ ಗುಡ್ಡ ಹತ್ತುವುದು. ಇನ್ನೊಂದು ದಿನ ಸಂತೇಬೆನ್ನೂರಿನ ಪುಷ್ಕರಣಿಗೆ ಹೋಗಿ, ಹನುಮಪ್ಪ ನಾಯಕನ ಕಾಲದ ಆ ಮೆಟ್ಟಿಲುಗಳ ಮೇಲೆ ಕುಳಿತು, ಪಕ್ಕದ ಮುಸಾಫಿರ್‌ಖಾನೆಯ ಕಮಾನುಗಳ ಕೆಳಗೆ ಛಾಯಾಚಿತ್ರ ತೆಗೆಸಿಕೊಳ್ಳುವುದು. ಮತ್ತೊಂದು ದಿನ ಸೂಳೆಕೆರೆ. ಮಾವನವರು ಒಮ್ಮೆಯೂ ನಮ್ಮ ಜೊತೆ ಬಂದವರಲ್ಲ. ಅವರಿಗೆ ಮನೆ, ಅಂಗಡಿ, ತೋಟ, ಸಂಜೆಯ ಸ್ವಾಧ್ಯಾಯ ಇವುಗಳ ಆಚೆ ಚನ್ನಗಿರಿಯಿರಲಿಲ್ಲ. ಸೂಳೆಕೆರೆಯನ್ನು ಅವರು ಕೊನೆಯ ಬಾರಿ ನೋಡಿ ಹತ್ತು ವರ್ಷಗಳಾಗಿದ್ದವು. ಊರನ್ನು ನಾನೇ ಹೆಚ್ಚು ಬಲ್ಲೆನೆಂದು ನಾನು ಒಳಗೊಳಗೇ ನಗುತ್ತಿದ್ದೆ.

ಆ ಕೆರೆಯ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಏರಿ ಕಟ್ಟಿ, ಹರಿದ್ರಾ ಎಂಬ ಹೊಳೆಯನ್ನು ತಡೆದು ಮಾಡಿದ ಕೆರೆ ಅದು. ಅಷ್ಟು ಚಿಕ್ಕ ಏರಿಯ ಹಿಂದೆ ಅಷ್ಟು ದೊಡ್ಡ ನೀರು ನಿಂತಿರುವುದನ್ನು ಕಂಡು ಇಂದಿಗೂ ಎಂಜಿನಿಯರುಗಳು ಬೆರಗಾಗುತ್ತಾರೆ. ಸಿದ್ದನಾಲೆ, ಬಸವನಾಲೆ ಎಂಬ ಎರಡು ಕಾಲುವೆಗಳಿಂದ ಕೆಳಗಿನ ಗದ್ದೆಗಳಿಗೆ ನೀರು ಹೋಗುತ್ತದೆ. ಚಿತ್ರದುರ್ಗ ನಗರವೂ ಇದರ ನೀರು ಕುಡಿದಿದೆ. ಕಟ್ಟಿಸಿದವಳು ಶಾಂತವ್ವ ಎಂಬ ರಾಜಕುಮಾರಿ ಎಂಬುದು ಜನರ ಕಥೆ. ಕೆರೆಗೆ ಬೇಕಾದ ಜಾಗದಲ್ಲಿ ವೇಶ್ಯೆಯರು ವಾಸವಾಗಿದ್ದರಂತೆ. ಕೆರೆಗೆ ತಮ್ಮ ಹೆಸರಿಡಬೇಕೆಂಬ ಒಂದೇ ಷರತ್ತಿನ ಮೇಲೆ ಅವರು ತಮ್ಮ ನೆಲವನ್ನು ಬಿಟ್ಟುಕೊಟ್ಟರಂತೆ. ಈಗ ಮರ್ಯಾದಸ್ಥರ ಬಾಯಲ್ಲಿ ಅದು ಶಾಂತಿಸಾಗರ. ಕಥೆ ನಿಜವೋ ಸುಳ್ಳೋ, ನನಗೆ ಹಳೆಯ ಹೆಸರೇ ಮೇಲೆನಿಸುತ್ತದೆ. ಇದ್ದ ನೆಲವನ್ನೇ ತ್ಯಾಗಮಾಡಿದವರು ಕೇಳಿದ್ದು ಒಂದು ಹೆಸರು ಮಾತ್ರ. ಅದನ್ನು ಹಿಂತೆಗೆದುಕೊಳ್ಳುವುದು ಕೊಟ್ಟ ಮಾತನ್ನು ಮುರಿದಂತೆಯೇ ಸರಿ.

ಈ ಕೆರೆಯ ನೀರಾಗಲಿ, ಭದ್ರಾ ನಾಲೆಯ ನೀರಾಗಲಿ ಏರದ ಎತ್ತರದ ಭೂಮಿ ತಾಲ್ಲೂಕಿನಲ್ಲಿ ಬಹಳವಿದೆ. ಹಿಂದೆ ಅಲ್ಲಿ ರಾಗಿ, ಜೋಳ ಬೆಳೆಯುತ್ತಿದ್ದರು. ಅಡಿಕೆಯ ಧಾರಣೆ ಏರಿದಂತೆ ಅಲ್ಲಿಯೂ ಅಡಿಕೆ ಬಂದಿತು. ಅಡಿಕೆಯ ಹಿಂದೆ ಕೊಳವೆಬಾವಿ ಬಂದಿತು. ನಮ್ಮ ಮಾವನವರ ನಾಲ್ಕು ಎಕರೆ ಇಂತಹ ಭೂಮಿ. ಅದರಲ್ಲಿ ಒಂದು ಎಕರೆ ನನ್ನ ತಾಯಿಯ ಪಾಲು. ತಾಯಿ ತೀರಿಕೊಂಡ ಮೇಲೆ ನನ್ನದು. ಫಸಲನ್ನು ಚೇಣಿಗೆ ಕೊಟ್ಟು, ಬಂದ ಹಣದಲ್ಲಿ ಆ ಎಕರೆಯ ಪಾಲನ್ನು ಮಾವನವರು ಪ್ರತಿವರ್ಷ ತಪ್ಪದೆ ಕಳುಹಿಸುತ್ತಿದ್ದರು. ನಾನು ತೆಗೆದುಕೊಳ್ಳುತ್ತಿದ್ದೆ.

2023ರಲ್ಲಿ ಮಳೆ ಕೈಕೊಟ್ಟಿತು. 2024ರ ಬೇಸಿಗೆಯಲ್ಲಿ ತಾಲ್ಲೂಕಿನ ರಸ್ತೆಗಳಲ್ಲಿ ಟ್ಯಾಂಕರುಗಳ ಸಾಲು. ಕುಡಿಯುವ ನೀರಿಗಾಗಿ ಅಲ್ಲ, ತೋಟ ಉಳಿಸಿಕೊಳ್ಳಲು. ಮಾವನವರ ಮೂರು ಕೊಳವೆಬಾವಿಗಳಲ್ಲಿ ಎರಡು ನಿಂತುಹೋಗಿದ್ದವು. ನಾಲ್ಕನೆಯದನ್ನು 900 ಅಡಿಯವರೆಗೆ ಕೊರೆಯಿಸಬೇಕೆಂದು ಅವರು ನಿಶ್ಚಯಿಸಿ, ಖರ್ಚಿನಲ್ಲಿ ನನ್ನ ಪಾಲನ್ನು ಕೇಳಿ ದೂರವಾಣಿ ಮಾಡಿದರು. ನಾನು ಹಣದ ಬದಲು ನಾನೇ ಬರುತ್ತೇನೆಂದು ಹೇಳಿ ಹೋದೆ.

ಹೋಗಲು ಕಾರಣವಿತ್ತು. ತೋಟದ ಕೆಳಬದಿಯಲ್ಲಿ ಒಂದೂವರೆ ಎಕರೆಯ ರೈತನೊಬ್ಬನ ತೆರೆದ ಬಾವಿಯಿತ್ತು. ಮಕ್ಕಳಿಗೆ ನಾನು ಅದರಲ್ಲಿ ಆಮೆಯನ್ನು ತೋರಿಸಿದ್ದೆ. ಮೂರನೆಯ ಕೊಳವೆಬಾವಿ ಬಂದ ಎರಡು ವರ್ಷಗಳಲ್ಲಿ ಆ ಬಾವಿ ಬತ್ತಿತು. ನಮ್ಮಿಂದಲೇ ಬತ್ತಿತೆಂದು ಹೇಳಲು ಸಾಧನವಿಲ್ಲ. ಸುತ್ತಲೂ ಹತ್ತಾರು ಬಾವಿಗಳನ್ನು ಕೊರೆದಿದ್ದಾರೆ. ಆದರೆ ನಮ್ಮಿಂದ ಅಲ್ಲವೆಂದು ಹೇಳಲು ಸಹ ಸಾಧನವಿಲ್ಲ. ಆತ ಅಡಿಕೆ ಹಾಕಿದವನಲ್ಲ. ಬಾವಿ ಬತ್ತಿದ ಮೇಲೆ ಹೊಲವನ್ನು ಬೀಳುಬಿಟ್ಟು, ನಮ್ಮದೇ ತೋಟಕ್ಕೆ ಕೂಲಿಗೆ ಬರುತ್ತಿದ್ದ.

ಮಾವನವರ ಮುಂದೆ ನಾನು ಪರಿಗ್ರಹಪರಿಮಾಣದ ಮಾತೆತ್ತಿದೆ. ತತ್ತ್ವಾರ್ಥಸೂತ್ರದಲ್ಲಿ ಆ ವ್ರತದ ಅತಿಚಾರಗಳನ್ನು ಹೇಳುವಾಗ ಮೊದಲು ಬರುವುದೇ ಕ್ಷೇತ್ರ, ಅಂದರೆ ಹೊಲ. ಎಕರೆಗೆ ಮಿತಿ ಹಾಕಿಕೊಂಡು ಅದರ ಕೆಳಗಿನ 900 ಅಡಿಗೆ ಮಿತಿ ಹಾಕಿಕೊಳ್ಳದಿದ್ದರೆ ಅದೆಂತಹ ಪರಿಮಾಣವೆಂದು ಕೇಳಿದೆ. ಅವರು ನನಗಿಂತ ಹೆಚ್ಚು ಓದಿದವರು. ಶಾಂತವಾಗಿಯೇ ಉತ್ತರಿಸಿದರು:

“ಅದೇ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳೂ ಇವೆ. ಅನ್ನಪಾನನಿರೋಧ ಎಂಬುದನ್ನು ಓದಿದ್ದೀಯಷ್ಟೆ? ಈ ಮರಗಳನ್ನು ನೆಟ್ಟವನು ನಾನು. ನನ್ನನ್ನೇ ನಂಬಿಕೊಂಡಿರುವ ಜೀವಗಳಿಗೆ ನೀರು ತಪ್ಪಿಸು ಎನ್ನುತ್ತೀಯಲ್ಲ, ನೀನು ನೋಡಿ ಹೋಗುವವನು. ಸುಳಿ ಬಾಗಿ ಬೀಳುವುದನ್ನು ದಿನವೂ ನೋಡಿಕೊಂಡು ಇರಬೇಕಾದವನು ನಾನು.”

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆ ಸೂತ್ರವನ್ನು ವ್ಯಾಖ್ಯಾನಕಾರರು ಪಶುಗಳು ಮೊದಲಾದ ಆಶ್ರಿತರನ್ನು ಕುರಿತು ವಿವರಿಸುತ್ತಾರೆ. ಆದರೆ ವೃಕ್ಷವೂ ಏಕೇಂದ್ರಿಯ ಜೀವವೇ ಎಂಬ ಧರ್ಮದಲ್ಲಿ ಹುಟ್ಟಿ, ನೆಟ್ಟು ಬೆಳೆಸಿದ ಮರ ಆಶ್ರಿತನಲ್ಲವೆಂದು ನಾನು ಹೇಗೆ ವಾದಿಸಲಿ? ಕೃಷಿಯಲ್ಲಿ ಹಿಂಸೆಯಿದೆ, ಅದು ಉದ್ಯೋಗಿ ಹಿಂಸೆಯೆಂದು ಗೃಹಸ್ಥನಿಗೆ ವಿನಾಯಿತಿಯೂ ಇದೆ. ಆದಿತೀರ್ಥಂಕರರೇ ಪ್ರಜೆಗಳಿಗೆ ಕಲಿಸಿದ ಷಟ್ಕರ್ಮಗಳಲ್ಲಿ ಕೃಷಿ ಒಂದಲ್ಲವೆ? ನಗರದಲ್ಲಿ ಕುಳಿತು ಸಂಬಳ ಎಣಿಸುವವನು ಕೃಷಿಕನಿಗೆ ಅಹಿಂಸೆಯನ್ನು ಬೋಧಿಸುವುದಕ್ಕಿಂತ ಸುಲಭವಾದ ಧರ್ಮಕಾರ್ಯ ಮತ್ತೊಂದಿಲ್ಲ.

ಆದರೆ ಮಾವನವರು ಅಷ್ಟಕ್ಕೆ ನಿಲ್ಲಿಸಲಿಲ್ಲ. “ಇಷ್ಟು ವರ್ಷ ಹಣ ತೆಗೆದುಕೊಳ್ಳುವಾಗ, ಮಾವ, ನೀರು ಎಲ್ಲಿಂದ ಬಂತು ಎಂದು ಒಮ್ಮೆಯಾದರೂ ಕೇಳಿದ್ದೆಯಾ?” ಎಂದರು.

ಕೇಳಿರಲಿಲ್ಲ. ಕೃತ, ಕಾರಿತ, ಅನುಮೋದಿತ ಎಂದು ಕರ್ಮವು ಮೂರು ಬಾಗಿಲುಗಳಿಂದ ಬರುತ್ತದೆಂದು ಬಾಲಕರಿಗೂ ಪಾಠ ಹೇಳುತ್ತೇವೆ. ಕೊರೆದವರು ಮಾವ. ಕೊರೆಯಿಸಿದ್ದರಲ್ಲಿ ನನ್ನ ಪಾಲಿತ್ತು. ಪ್ರತಿವರ್ಷ ಹಣ ಬಂದಾಗ ಸಂತೋಷಪಟ್ಟದ್ದೇ ಅನುಮೋದನೆ. ಪ್ರವಾಸಿಯೆಂಬ ಹೆಸರಿನಲ್ಲಿ ನಾನು ಆ ಊರಿನ ಕೆರೆ, ಕೋಟೆ, ಪುಷ್ಕರಣಿಗಳನ್ನು ನೋಡುತ್ತ ತಿರುಗುತ್ತಿದ್ದಾಗಲೂ ಆ ಎಕರೆಯ ಮಟ್ಟಿಗೆ ನಾನು ಅಲ್ಲಿಯ ನಿವಾಸಿಯೇ ಆಗಿದ್ದೆ. ನಾಲ್ಕು ದಿನ ಇರುತ್ತೇನೆಯೋ ನಲವತ್ತು ವರ್ಷ ಇರುತ್ತೇನೆಯೋ ಎಂಬುದರಿಂದ ನಿವಾಸ ನಿರ್ಣಯವಾಗುವುದಿಲ್ಲ. ಯಾರ ನೀರನ್ನು ಉಣ್ಣುತ್ತಿದ್ದೇನೆ ಎಂಬುದರಿಂದ ನಿರ್ಣಯವಾಗುತ್ತದೆ. ಸಮಂತಭದ್ರರು ಅಲೆಯುವವನನ್ನು ನೆಲ ಅಗೆಯುವವನ ಪಕ್ಕದಲ್ಲಿ ನಿಲ್ಲಿಸಿದ್ದರ ಔಚಿತ್ಯ ನನಗೆ ಆಗ ಹೊಳೆಯಿತು. ಇಬ್ಬರದೂ ಒಂದೇ ಪ್ರಮಾದ. ತಾನು ಮಾಡುತ್ತಿರುವುದು ಎಲ್ಲಿ ತಗಲುತ್ತದೆಂಬುದನ್ನು ನೋಡದಿರುವುದು.

ಇದು ನನ್ನೊಬ್ಬನ ಮನೆಯ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಊರು ಬಿಟ್ಟು ಬಂದು, ಊರಿನಲ್ಲಿ ಭೂಮಿ ಉಳಿಸಿಕೊಂಡ ಕುಟುಂಬಗಳು ನಮ್ಮ ಸಮಾಜದಲ್ಲಿ ಅನೇಕ. ಬಸದಿಗಳ ಟ್ರಸ್ಟುಗಳಲ್ಲಿಯೂ ಗುತ್ತಿಗೆಗೆ ಕೊಟ್ಟ ಜಮೀನುಗಳುಂಟು. ವಾರ್ಷಿಕ ಸಭೆಯಲ್ಲಿ ಗುತ್ತಿಗೆಯ ಹಣ ಎಷ್ಟು ಬಂತೆಂದು ಲೆಕ್ಕ ಓದುತ್ತಾರೆ. ಎಷ್ಟು ಅಡಿಯಿಂದ ನೀರೆತ್ತಿದರು, ಕೆಳಗಿನ ಹೊಲದವನ ಬಾವಿ ಏನಾಯಿತು ಎಂಬ ಸಾಲು ಆ ಲೆಕ್ಕದಲ್ಲಿ ಇರುವುದನ್ನು ನಾನು ಕಂಡಿಲ್ಲ. ಆ ಹಣದಿಂದಲೇ ಅಭಿಷೇಕದ ಹಾಲು ಬರುತ್ತದೆ.

ಮೂರು ದಿನ ಮಾತುಕತೆ ನಡೆಯಿತು. ಕೊನೆಗೆ ನಾಲ್ಕನೆಯ ಬಾವಿಯನ್ನು ಕೊರೆಯಿಸುವುದಿಲ್ಲವೆಂದೂ, ಉಳಿದ ಒಂದು ಬಾವಿಯ ನೀರನ್ನು ಹನಿ ನೀರಾವರಿಯ ಮೂಲಕ ಮೂರು ಎಕರೆಗೆ ಮಾತ್ರ ಬಿಡುವುದೆಂದೂ, ನನ್ನ ತಾಯಿಯ ಎಕರೆಗೆ ನೀರು ನಿಲ್ಲಿಸುವುದೆಂದೂ ಗೊತ್ತಾಯಿತು. ನಷ್ಟ ನನ್ನದಾಗಲೆಂದು ನಾನೇ ಹೇಳಿದ್ದೆ. ಮಾವನವರು ಒಪ್ಪಿದರು. ಆದರೆ ಆ ಮೂರು ದಿನಗಳಲ್ಲಿ ಮೊದಲ ಬಾರಿಗೆ ನನ್ನನ್ನು ‘ನೀವು’ ಎಂದರು.

ಆ ಎಕರೆಯ ಮರಗಳು ಮೇ ತಿಂಗಳ ಹೊತ್ತಿಗೆ ಒಣಗಿದವು. ಅದೇ ವರ್ಷ ಮುಂಗಾರು ಚೆನ್ನಾಗಿ ಬಂದಿತು. ಇನ್ನು ಎರಡು ತಿಂಗಳು ಟ್ಯಾಂಕರ್ ನೀರು ಕೊಟ್ಟಿದ್ದರೆ ಬಹುಪಾಲು ಮರಗಳು ಉಳಿಯುತ್ತಿದ್ದವೆಂದು ಊರಿನವರು ನನ್ನ ಎದುರಿನಲ್ಲಿಯೇ ಹೇಳಿದರು, ಇರಬಹುದು. ಒಣಗಿದ ಮರಗಳ ಲೆಕ್ಕ ನನ್ನ ಹೆಸರಿನಲ್ಲಿದೆ, ಅದನ್ನು ನಾನು ಪ್ರತಿಕ್ರಮಣದಲ್ಲಿ ನೆನೆಯುತ್ತೇನೆ. ಕೆಳಹೊಲದವನ ಬಾವಿಗೆ ಮಳೆಗಾಲದ ಕೊನೆಯಲ್ಲಿ ಸ್ವಲ್ಪ ನೀರು ಬಂದಿತ್ತು. ಅದು ಮಳೆಯ ನೀರು; ನಮ್ಮ ನಿರ್ಧಾರದಿಂದ ಬಂದಿತೆಂದು ಹೇಳಿಕೊಳ್ಳುವಷ್ಟು ಮೂಢನಲ್ಲ ನಾನು.

ಈಗ ಆ ಎಕರೆಯಲ್ಲಿ ಆತನೇ ರಾಗಿ ಹಾಕುತ್ತಿದ್ದಾನೆ. ಗುತ್ತಿಗೆ ಬೇಡವೆಂದಿದ್ದೇನೆ. ಕಳೆದ ಬಾರಿ ಹೋದಾಗ ನಾವು ಕೋಟೆಗೂ ಪುಷ್ಕರಣಿಗೂ ಹೋಗಲಿಲ್ಲ. ಎರಡು ದಿನ ತೋಟದಲ್ಲಿಯೇ ಇದ್ದು, ಒಣಗಿದ ಬೊಡ್ಡೆಗಳನ್ನು ಸಾಗಿಸುವ ಕೆಲಸಕ್ಕೆ ನಿಂತೆವು. ಮಾವನವರು ಮನೆಯಲ್ಲಿ ಎಲೆ ಹಾಕಿ ಬಡಿಸಿದರು, ಯೋಗಕ್ಷೇಮ ಕೇಳಿದರು. ತೋಟಕ್ಕೆ ಮಾತ್ರ ನಮ್ಮೊಡನೆ ಬರಲಿಲ್ಲ. ಹೊರಡುವ ದಿನ ಬೆಳಿಗ್ಗೆ, ಏನನ್ನೋ ನೆನಪಿಸಿಕೊಂಡವರಂತೆ, “ಸೂಳೆಕೆರೆ ಈ ವರ್ಷ ತುಂಬಿದೆಯಂತೆ, ಹೋಗಿ ಬರೋಣ, ನಡೆ” ಎಂದರು. ಬಸ್ಸಿನ ಟಿಕೆಟನ್ನು ಮರುದಿನಕ್ಕೆ ಬದಲಾಯಿಸಿ ನಾವು ಹೋದೆವು.