ಎರಡರಲ್ಲಿ ಒಂದು

ನಮ್ಮ ಪುಣೆಯ ಅಪಾರ್ಟ್‌ಮೆಂಟಿನ ವಾಚ್‌ಮನ್ ಕಲಬುರಗಿ ಕಡೆಯವರು. ಹನ್ನೆರಡನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ಅವರ ಮಗಳು, ಕೇಂದ್ರ ಸರ್ಕಾರದ ಮೆರಿಟ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ನನ್ನ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದಳು. ಪದವಿಗೆ ವರ್ಷಕ್ಕೆ 12,000 ರೂಪಾಯಿ. ಒಂದು ಷರತ್ತು ಕಣ್ಣಿಗೆ ಬಿತ್ತು: ರಾಜ್ಯದ ಶುಲ್ಕ ಮರುಪಾವತಿಯೂ ಸೇರಿದಂತೆ ಬೇರೆ ಯಾವ ನೆರವನ್ನೂ ಪಡೆಯುತ್ತಿರಬಾರದು.

"ಹಂಗಾದ್ರ ಮಾರ್ಕ್ಸ್ ಬಂದಿದ್ದಕ್ಕ ಏನ್ ಸಿಕ್ತ್ರೀ ಕಾಕಾ?" ಎಂದಳು.

ಬಜೆಟ್ ಹಿಡಿತದಲ್ಲಿಡುವುದಕ್ಕೇ ಸಂಬಳ ಪಡೆಯುವ ನನಗೆ ಈ ನಿಯಮದ ತರ್ಕ ಅರ್ಥವಾಗುತ್ತದೆ. ಇರುವ ಹಣ ಇಷ್ಟೇ. ಇವಳು ಬಿಟ್ಟದ್ದು ಇನ್ನೊಂದು ಬಡ ಮಗುವಿಗೆ ಸಿಗಬಹುದು. ಅಮೆರಿಕದಲ್ಲೂ ಹೊರಗಿನಿಂದ ವಿದ್ಯಾರ್ಥಿವೇತನ ಬಂದರೆ ಎಷ್ಟೋ ಕಾಲೇಜುಗಳು ತಾವು ಕೊಡುವ ನೆರವನ್ನು ಕಡಿತ ಮಾಡುತ್ತವೆ. ಮೇರಿಲ್ಯಾಂಡ್ ರಾಜ್ಯ ತನ್ನ ಸರ್ಕಾರಿ ಕಾಲೇಜುಗಳಲ್ಲಿ ಇದಕ್ಕೆ ಕಡಿವಾಣ ಹಾಕಲು 2017ರಲ್ಲಿ ಕಾನೂನನ್ನೇ ಮಾಡಬೇಕಾಯಿತು.

ಆದರೂ ಅವಳ ಪ್ರಶ್ನೆ ಕೊರೆಯುತ್ತಲೇ ಇದೆ. ನಾನು ಎಂಟೆಕ್ ಓದುವಾಗ ಗೇಟ್ ಸ್ಟೈಪೆಂಡ್ ಬರುತ್ತಿತ್ತು. ಅದಕ್ಕೆ ಮನೆಯ ಆದಾಯವನ್ನು ಯಾರೂ ಕೇಳಿರಲಿಲ್ಲ. ಜೊತೆಗೆ ಅಪ್ಪನೂ ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದರು. ಅದನ್ನು ಯಾವ ಫಾರಮ್ಮೂ 'ಬೇರೆ ನೆರವು' ಎಂದು ಎಣಿಸಲಿಲ್ಲ.

ಕೊನೆಗೆ ಶುಲ್ಕ ಮರುಪಾವತಿಯನ್ನೇ ಉಳಿಸಿಕೊಂಡೆವು, ಅದರ ಮೊತ್ತ ದೊಡ್ಡದಿತ್ತು. ಅರ್ಧ ತುಂಬಿದ ಅರ್ಜಿಯನ್ನು ಅವಳೇ ಮುಚ್ಚಿದಳು.