ಶ್ರಾವಕನ ಮನೆಯಂಗಳದ ನಾಯಿ

ಮಗುವೊಂದು ಶಾಲೆಯಿಂದ ಬರುವಾಗ ಬೀದಿಯ ನಾಯಿಮರಿಯನ್ನು ಎದೆಗವಚಿಕೊಂಡು ತಂದರೆ ಶ್ರಾವಕರ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಅದರ ಆಹಾರದ್ದು. ಅಜ್ಜಿ ಅದನ್ನು ಅಡುಗೆಮನೆಯ ಹೊಸ್ತಿಲು ದಾಟಗೊಡುವುದಿಲ್ಲ. ಮಾಂಸ ತಿನ್ನುವ ಜೀವವನ್ನು ಮನೆಯಲ್ಲಿರಿಸಿಕೊಂಡು ವ್ರತ ನಡೆಯುವುದೆಂತು ಎಂದು ಅಜ್ಜ ಕೇಳುತ್ತಾರೆ. ಜೀವದಯೆಯನ್ನು ಕಲಿಸಿದವರೇ ಜೀವವನ್ನು ಹೊರಗಟ್ಟುತ್ತೀರಲ್ಲ ಎಂದು ಮಗು ಅಳುತ್ತದೆ. ಮೂವರ ಮಾತಿನಲ್ಲಿಯೂ ಧರ್ಮವಿದೆ. ಆದರೆ ಮೂವರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಈ ಜೀವವು ಮನೆಯದಾದ ಮೇಲೆ ಅದಕ್ಕೆ ಒದಗುವ ದುಃಖದಲ್ಲಿ ಮನೆಯವರ ಪಾಲು ಎಷ್ಟು?

ಹಿರಿಯರ ಶಂಕೆಯು ಬರಿಯ ಮಡಿಯ ಶಂಕೆಯೆಂದು ಎಳೆಯರು ತಿಳಿಯಲಾಗದು. ಸ್ವಾಮಿ ಕಾರ್ತಿಕೇಯರ ಅನುಪ್ರೇಕ್ಷಾ ಗ್ರಂಥವು ಬೆಕ್ಕು ಮೊದಲಾದ ಹಿಂಸ್ರ ಜೀವಿಗಳನ್ನು ಸಾಕುವುದನ್ನು ಅನರ್ಥದಂಡದ ಪ್ರಕರಣದಲ್ಲಿ ಎಣಿಸಿದೆ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಗಿಳಿ, ಬೆಕ್ಕು, ಕೋಳಿ, ನವಿಲುಗಳೊಡನೆ ನಾಯಿಯನ್ನೂ ಹೆಸರಿಸಿ, ಹಣಕ್ಕಾಗಿ ಅವುಗಳನ್ನು ಸಾಕುವುದು ಶ್ರಾವಕನಿಗೆ ತಕ್ಕುದಲ್ಲವೆಂದಿದ್ದಾರೆ. ಹತ್ತು ಬಗೆಯ ಬಾಹ್ಯ ಪರಿಗ್ರಹಗಳಲ್ಲಿ ಚತುಷ್ಪದವೂ ಒಂದು. ನಾಯಿಯನ್ನು ಮುದ್ದಿನ ಕೂಸೆಂದು ಕರೆದರೂ ಅದು ಪರಿಗ್ರಹವೇ. ಪರಿಮಾಣವ್ರತ ಹಿಡಿದವನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಪೂರ್ವಕಾಲದಲ್ಲಿ ನಾಯಿಯನ್ನು ಸಾಕುತ್ತಿದ್ದ ಉದ್ದೇಶವನ್ನು ನೋಡಿದರೆ ಆಚಾರ್ಯರ ಎಚ್ಚರಿಕೆಯ ಕಾರಣ ತಿಳಿಯುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕನ್ನಡಿಗರಿಗೆ ಪರಿಚಿತವಾದುದು. ಕ್ರಿ.ಶ. 949-50ರ ಕಾಲದ ಆ ಕಲ್ಲು, ಗಂಗರ ಬೂತುಗನ ಪರಿವಾರದ ವೀರನಾದ ಮಣಲೇರನು ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಮೆಚ್ಚುಗೆಯಾಗಿ ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದುದನ್ನೂ, ಆ ನಾಯಿಯನ್ನು ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತುದನ್ನೂ ಹೇಳುತ್ತದೆ. ನಾಯಿಗೆ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿ ದತ್ತಿಯಾಯಿತು. ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮುಂದೆ ನಿಂತವರು ನಾಯಿಯ ಸ್ವಾಮಿನಿಷ್ಠೆಯನ್ನು ಕೊಂಡಾಡುತ್ತಾರೆ. ಕೊಂಡಾಡತಕ್ಕುದೇ ಸರಿ. ಆದರೆ ಹಂದಿಗೂ ನಾಯಿಗೂ ಹಗೆಯೇನಿತ್ತು? ಎರಡರ ಸಾವಿಗೂ ನಿಮಿತ್ತ ಹಗ್ಗವನ್ನು ಬಿಟ್ಟ ಕೈ. ಪ್ರಮತ್ತಯೋಗದಿಂದ ಪ್ರಾಣಹರಣವಾಗುವುದೇ ಹಿಂಸೆ ಎಂಬ ಲಕ್ಷಣವನ್ನು ಅನ್ವಯಿಸಿದರೆ ಇಲ್ಲಿ ಪ್ರಮತ್ತನು ಯಾರೆಂಬುದರಲ್ಲಿ ಸಂದೇಹವಿಲ್ಲ.

ಇಂದು ಪಟ್ಟಣದ ಶ್ರಾವಕನು ಬೇಟೆಗಾಗಿ ನಾಯಿಯನ್ನು ಸಾಕುವುದಿಲ್ಲ. ಕಾವಲಿಗೆ, ಮಕ್ಕಳ ಸಂತೋಷಕ್ಕೆ, ಒಂಟಿ ಮುದುಕರ ಜೊತೆಗೆ, ಕೆಲವೊಮ್ಮೆ ನೆರೆಯವರ ಕಣ್ಣಿಗೆ ಕಾಣಲೆಂದೂ ಸಾಕುತ್ತಾನೆ. ಹೀಗೆ ಸಾಕಿಕೊಂಡವನಿಗೆ ಶಾಸ್ತ್ರವು ಏನನ್ನು ವಿಧಿಸುತ್ತದೆ? ಉತ್ತರವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಪಾಠಶಾಲೆಯ ಮಕ್ಕಳೂ ಬಾಯಿಪಾಠ ಒಪ್ಪಿಸುತ್ತಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರಿಸುವುದು, ಉಣಿಸುನೀರನ್ನು ತಡೆಯುವುದು. ಕಾಡಿನ ಪ್ರಾಣಿಗೆ ಇವುಗಳನ್ನು ಯಾರೂ ಮಾಡಲಾರರು. ಇವು ತನ್ನ ವಶದಲ್ಲಿರುವ ಜೀವಕ್ಕೆ ಒಡೆಯನು ಮಾಡಬಲ್ಲ ಅಪರಾಧಗಳು. ಭಾರತ ಸರಕಾರವು 1960ರಲ್ಲಿ ತಂದ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ 11ನೆಯ ವಿಧಿಯನ್ನು ಓದಿದವರಿಗೆ ಅಚ್ಚರಿಯಾದೀತು. ಹೊಡೆಯುವುದು, ಅತಿಯಾಗಿ ಹೇರುವುದು, ಅಂಗಭಂಗ ಮಾಡುವುದು, ಗಿಡ್ಡ ಸರಪಳಿಯಲ್ಲಿ ಬಹುಕಾಲ ಕಟ್ಟಿಡುವುದು, ಸಾಕಷ್ಟು ಅನ್ನ ನೀರು ಆಸರೆ ಕೊಡದಿರುವುದು ಎಂದು ಈ ಐದೂ ಅಲ್ಲಿ ಅಪರಾಧಗಳಾಗಿ ನಿಂತಿವೆ. ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದೂ ಅಲ್ಲಿ ಸೇರಿದೆ. ಕಾಯಿದೆಯು ಮೊದಲ ಅಪರಾಧಕ್ಕೆ ಬರೆದ ದಂಡ 10ರಿಂದ 50 ರೂಪಾಯಿ. ಕರ್ಮವು ಬರೆಯುವ ದಂಡವು ಅಷ್ಟು ಅಗ್ಗವಲ್ಲವೆಂಬುದನ್ನು ಈ ಓದುಗರಿಗೆ ಹೇಳಬೇಕಾಗಿಲ್ಲ.

13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಹಸು ಮೊದಲಾದ ಪ್ರಾಣಿಗಳ ವಿಷಯದಲ್ಲಿ ಮೂರು ಮೆಟ್ಟಿಲುಗಳನ್ನು ತೋರಿಸುತ್ತಾರೆ. ಅವುಗಳಿಂದ ಜೀವನ ನಡೆಸುವುದನ್ನೇ ಬಿಡುವುದು ಉತ್ತಮ. ಕಟ್ಟದೆ ಇರಿಸಿಕೊಳ್ಳುವುದು ಮಧ್ಯಮ. ಕಟ್ಟಿದರೂ ನಿರ್ದಯೆಯಿಂದ ಕಟ್ಟದಿರುವುದು ಕೊನೆಯದು. ಗೃಹಸ್ಥನ ಕೈಲಾಗುವುದನ್ನು ಅರಿತು ಹೇಳಿದ ಮಾತಿದು. ಬೆಳಗಿನಿಂದ ಸಂಜೆಯವರೆಗೆ ಗೇಟಿನ ಬಳಿ ಎರಡು ಮೊಳದ ಸರಪಳಿಯಲ್ಲಿ, ಬಿಸಿಲು ತಿರುಗಿದಂತೆ ನೆರಳನ್ನು ಹುಡುಕುತ್ತ ಸುತ್ತುವ ನಾಯಿಯು ಈ ಮೂರನೆಯ ಮೆಟ್ಟಿಲಿಗೂ ಕೆಳಗಿದೆ. ಮನೆಯವರೆಲ್ಲ ಕೆಲಸಕ್ಕೆ ಹೋಗಿ, ಬೀಗ ಹಾಕಿದ ಕೋಣೆಯಲ್ಲಿ ನಾಯಿ ಹತ್ತು ಗಂಟೆ ಒಂಟಿಯಾಗಿದ್ದರೆ, ಸರಪಳಿಯಿಲ್ಲವೆಂದ ಮಾತ್ರಕ್ಕೆ ಅದು ಬಂಧವಲ್ಲವೆನ್ನಲಾಗದು. ದಿನಕ್ಕೆ ಎರಡು ಬಾರಿ ಕೊರಳಪಟ್ಟಿ ಹಾಕಿ ತಿರುಗಾಡಿಸಲು ಬಿಡುವಿಲ್ಲದ ಮನೆ ನಾಯಿಯನ್ನು ತರದಿರುವುದೇ ಲೇಸು. ಕೊರಳಪಟ್ಟಿಯೂ ಬಂಧವಲ್ಲವೇ ಎಂದು ಕೇಳುವವರುಂಟು. ವಾಹನಗಳ ರಸ್ತೆಯಲ್ಲಿ ಜೀವವನ್ನು ಉಳಿಸುವ ಹಗ್ಗವನ್ನು, ಒಡೆಯನ ಅನುಕೂಲಕ್ಕೆ ಬಿಗಿದ ಸರಪಳಿಯೊಡನೆ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನು ಆಹಾರದ ಪ್ರಶ್ನೆ. ವಾದವೆಲ್ಲ ಮೊದಲಾಗುವುದು ಇಲ್ಲಿ, ತಪ್ಪು ನಡೆಯುವುದೂ ಬಹುಮಟ್ಟಿಗೆ ಇಲ್ಲಿಯೇ. ನಾಯಿಯು ತೋಳದ ವಂಶದ್ದಾದರೂ ಸಾವಿರಾರು ವರ್ಷ ಮನುಷ್ಯನ ಅನ್ನವನ್ನು ಉಂಡು ಬದಲಾದ ಜೀವ. ತೋಳಕ್ಕಿಂತ ನಾಯಿಯಲ್ಲಿ ಪಿಷ್ಟವನ್ನು ಅರಗಿಸುವ ವಂಶವಾಹಿಯ ಪ್ರತಿಗಳು ಹೆಚ್ಚಾಗಿವೆಯೆಂದು 2013ರಲ್ಲಿ ವಿಜ್ಞಾನಿಗಳು ತೋರಿಸಿದರು. ಆದುದರಿಂದ ಸರಿಯಾಗಿ ಹೊಂದಿಸಿದ ಸಸ್ಯಾಹಾರದಲ್ಲಿ ಬೆಳೆದ ನಾಯಿ ಆರೋಗ್ಯದಿಂದ ಇರಬಲ್ಲದು. ಬೆಕ್ಕಿನ ಮಾತು ಬೇರೆ. ಟಾರಿನ್ ಎಂಬ ಸತ್ತ್ವವನ್ನು ಬೆಕ್ಕಿನ ದೇಹವು ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಕಣ್ಣೂ ಹೃದಯವೂ ಕೆಡುತ್ತವೆ. ಮಾಂಸವನ್ನು ಮುಟ್ಟಲಾರದ ಮನೆಗೆ ಬೆಕ್ಕು ಬರದಿರುವುದೇ ಆ ಬೆಕ್ಕಿಗೆ ಮಾಡುವ ಉಪಕಾರ.

‘ಸರಿಯಾಗಿ ಹೊಂದಿಸಿದ’ ಎಂಬ ಮಾತನ್ನು ಮಾತ್ರ ಮರೆಯಬಾರದು. ಮೂರು ಹೊತ್ತು ಮೊಸರನ್ನ ಹಾಕಿ ನಮ್ಮ ನಾಯಿ ಶುದ್ಧ ಸಸ್ಯಾಹಾರಿ ಎಂದು ಹೆಮ್ಮೆಪಡುವ ಮನೆಗಳಲ್ಲಿ ನಾಯಿಯ ಕೂದಲು ಉದುರಿ, ಸ್ನಾಯು ಸೊರಗಿ, ಮರಿಯಾದರೆ ಕಾಲು ಸೊಟ್ಟಗಾಗುವುದುಂಟು. ಅದಕ್ಕೆ ಬೇಳೆಕಾಳು, ಪನೀರಿನಂತಹ ಪ್ರೋಟೀನು ಬೇಕು, ಸುಣ್ಣದಂಶ ಬೇಕು, ಬಿ-12 ಮತ್ತು ಡಿ ಜೀವಸತ್ತ್ವಗಳು ಬೇಕು. ಬೇಳೆಕಾಳನ್ನೇ ಹೆಚ್ಚಾಗಿ ಬಳಸಿದ ಕೆಲವು ಸಿದ್ಧ ಆಹಾರಗಳಿಗೂ ನಾಯಿಗಳ ಹೃದಯರೋಗಕ್ಕೂ ಸಂಬಂಧವಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ವಿಚಾರಣೆಗೆ ತೊಡಗಿತು. ಕಾರಣವಿದೇ ಎಂದು ಸ್ಥಾಪಿತವಾಗಲಿಲ್ಲ. ಇಷ್ಟರಿಂದಲೇ ಮನೆಯ ಅಂದಾಜು ಸಾಲದು, ಪಶುವೈದ್ಯರ ಸಲಹೆ ಬೇಕೆಂಬುದು ತಿಳಿಯುತ್ತದೆ. ಮರಿಗೂ ಗಬ್ಬದ ನಾಯಿಗೂ ಈ ಎಚ್ಚರ ಇಮ್ಮಡಿಯಾಗಿರಬೇಕು. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಈ ಒಂದು ವಿಷಯದಲ್ಲಿ ಜೈನರ ಅಡುಗೆಮನೆಯು ನಾಯಿಗೆ ಅಯಾಚಿತವಾಗಿ ಅನುಕೂಲ. ಆದರೆ ಹಬ್ಬದ ಪಾಯಸದ ಒಣದ್ರಾಕ್ಷಿಯು ಅದರ ಮೂತ್ರಪಿಂಡಕ್ಕೆ ವಿಷ, ಮಕ್ಕಳು ಪ್ರೀತಿಯಿಂದ ತಿನ್ನಿಸುವ ಚಾಕೊಲೇಟೂ ವಿಷ.

ಇಲ್ಲೊಂದು ತತ್ತ್ವದ ಗಂಟಿದೆ. ದಶಲಕ್ಷಣ ಪರ್ವದಲ್ಲಿ ಮನೆಯವರೆಲ್ಲ ಉಪವಾಸವಿದ್ದಾಗ ನಾಯಿಯೂ ಉಪವಾಸವಿತ್ತೆಂದು ಕೆಲವರು ಭಕ್ತಿಯಿಂದ ಹೇಳುತ್ತಾರೆ. ಸಂಜ್ಞಿಯಾದ ಪಂಚೇಂದ್ರಿಯ ತಿರ್ಯಂಚಕ್ಕೆ ಸಮ್ಯಕ್ತ್ವವೂ ದೇಶವ್ರತವೂ ಸಾಧ್ಯವೆಂಬುದು ಆಗಮಸಮ್ಮತ. ಮಹಾವೀರ ಸ್ವಾಮಿಯ ಜೀವವೇ ಸಿಂಹದ ಭವದಲ್ಲಿ ಚಾರಣಮುನಿಗಳ ಉಪದೇಶವನ್ನು ಕೇಳಿ ಹಿಂಸೆಯನ್ನು ತೊರೆಯಿತು. ಆದರೆ ಆ ಸಿಂಹವು ತಾನೇ ತೊರೆಯಿತು, ಯಾರೂ ಅದರ ಮುಂದಿನ ಆಹಾರವನ್ನು ಕಸಿದುಕೊಳ್ಳಲಿಲ್ಲ. ಸಂಕಲ್ಪವಿಲ್ಲದೆ ವ್ರತವಿಲ್ಲ. ತಟ್ಟೆ ಬರಿದಾದುದರಿಂದ ನಾಯಿ ಹಸಿದಿದ್ದರೆ ಅದು ಉಪವಾಸವಲ್ಲ, ಒಡೆಯನ ಅನ್ನಪಾನನಿರೋಧ. ರಾತ್ರಿಭೋಜನ ತ್ಯಾಗವು ಮನೆಯ ಆಚಾರವಾದರೆ ಬೆಳೆದ ನಾಯಿಗೆ ಬೆಳಗ್ಗೆಯೂ ಸೂರ್ಯಾಸ್ತಕ್ಕೆ ಮೊದಲೂ ಎರಡು ಹೊತ್ತು ಹೊಟ್ಟೆತುಂಬ ಇಕ್ಕಿದರೆ ಇಬ್ಬರ ಕ್ರಮವೂ ಉಳಿಯುತ್ತದೆ. ನೀರಿನ ಪಾತ್ರೆ ಮಾತ್ರ ಹಗಲಿರುಳು ತುಂಬಿರಬೇಕು. ಹಾಗೆಯೇ ಸಸ್ಯಾಹಾರವು ಮನೆಯವರ ವ್ರತವೇ ಹೊರತು ನಾಯಿಯದಲ್ಲ. ಅದು ಆ ಆಹಾರದಲ್ಲಿ ಸೊರಗುತ್ತಿದೆಯೆಂದು ವೈದ್ಯರು ಹೇಳಿ, ಬೇರೆ ದಾರಿ ಮನೆಯವರ ಕೈಲಾಗದಿದ್ದರೆ, ಅದನ್ನು ನೋಡಿಕೊಳ್ಳಬಲ್ಲ ಬೇರೊಂದು ಮನೆಗೆ ಒಪ್ಪಿಸಬೇಕು. ತಮ್ಮ ಪುಣ್ಯದ ವೆಚ್ಚವನ್ನು ಮೂಕಜೀವದ ಮೈಯಿಂದ ತೆಗೆಯುವ ಅಧಿಕಾರ ಯಾರಿಗೂ ಇಲ್ಲ. ದೆಹಲಿಯ ಲಾಲ್ ಮಂದಿರದ ಹೆಸರುವಾಸಿಯಾದ ಪಕ್ಷಿ ಆಸ್ಪತ್ರೆಯೂ ಈ ತೊಡಕನ್ನು ಎದುರಿಸಿದೆ. ಮಾಂಸಾಹಾರಿ ಹಕ್ಕಿಗಳನ್ನು ಒಳಗಿರಿಸಿಕೊಳ್ಳುವ ರೂಢಿ ಅಲ್ಲಿಲ್ಲ. ಆ ಮಿತಿಯನ್ನು ಟೀಕಿಸುವವರಿದ್ದಾರೆ. ಆದರೂ ನಡೆಸಲಾರದ ಹೊಣೆಯನ್ನು ಹೊತ್ತು ಹಕ್ಕಿಯನ್ನು ಹಸಿವಿನಿಂದ ಕೆಡಹುವುದಕ್ಕಿಂತ ಮಿತಿಯನ್ನು ಹೇಳಿಬಿಡುವುದು ಪ್ರಾಮಾಣಿಕ.

ಛೇದದ ವಿಷಯದಲ್ಲಿ ಒಂದು ಭಾಗ ಸುಲಭ, ಒಂದು ಕಠಿನ. ಅಂದಕ್ಕಾಗಿ ನಾಯಿಯ ಕಿವಿ ಬಾಲಗಳನ್ನು ಕತ್ತರಿಸುವುದು ಸ್ಪಷ್ಟವಾಗಿ ಅತಿಚಾರ. ಸಂತಾನಹರಣ ಶಸ್ತ್ರಚಿಕಿತ್ಸೆ? ಅದೂ ಅಂಗಚ್ಛೇದವೇ ಎಂದು ಹಿಂಜರಿಯುವ ಶ್ರಾವಕರು ಹಲವರು. ಅವರ ಹಿಂಜರಿಕೆ ಗೌರವಾರ್ಹ. ಆದರೆ ಹೆಣ್ಣು ನಾಯಿಯೊಂದು ವರ್ಷಕ್ಕೆ ಎರಡು ಬಾರಿ ಮರಿಹಾಕಬಲ್ಲದು. ಆ ಮರಿಗಳು ಚರಂಡಿಯಲ್ಲಿ, ಚಕ್ರದಡಿಯಲ್ಲಿ, ಪಾರ್ವೋ ರೋಗದಲ್ಲಿ ಸಾಯುವುದನ್ನು ನೋಡಿಯೂ ನಾವು ಏನನ್ನೂ ಕತ್ತರಿಸಲಿಲ್ಲವೆಂದು ಸಮಾಧಾನಪಡುವುದು ಅಪ್ರಮಾದವೆನಿಸುವುದೇ? ಅರಿವಳಿಕೆ ಕೊಟ್ಟು, ನೋವನ್ನು ತಗ್ಗಿಸಿ, ಗಾಯ ಮಾಯುವವರೆಗೆ ಆರೈಕೆ ಮಾಡಿ ನಡೆಸುವ ಚಿಕಿತ್ಸೆಯಲ್ಲಿ ಕಷಾಯವಿಲ್ಲ. ದೋಷವೇ ಇಲ್ಲವೆಂದು ಸಾಧಿಸಬೇಕಾಗಿಯೂ ಇಲ್ಲ; ಗೃಹಸ್ಥನು ಕಡಿಮೆ ದೋಷದ ದಾರಿಯನ್ನು ಆಯ್ದು, ಉಳಿದುದಕ್ಕೆ ಪ್ರತಿಕ್ರಮಣ ಮಾಡುವವನು.

ನಾಯಿಯನ್ನು ಎಲ್ಲಿಂದ ತರಬೇಕೆಂಬುದೂ ಈ ವಿಚಾರಕ್ಕೆ ಸೇರಿದೆ. ಕೂದಲುಳ್ಳ ಜೀವಿಗಳ ಮಾರಾಟವನ್ನು ಕೇಶವಾಣಿಜ್ಯವೆಂದು ಹೆಸರಿಸಿ ಹದಿನೈದು ಖರಕರ್ಮಗಳಲ್ಲಿ ಎಣಿಸಿದ ಪರಂಪರೆಯವನು, ತಾಯಿನಾಯಿಯನ್ನು ಗೂಡಿನಲ್ಲಿಟ್ಟು ಮೇಲಿಂದ ಮೇಲೆ ಮರಿ ತೆಗೆಸುವ ವ್ಯಾಪಾರಿಗೆ ಹಣ ಎಣಿಸಬಹುದೇ? ಹಿಮದ ನಾಡಿನ ಹಸ್ಕಿ ನಾಯಿಯನ್ನು ಕಲಬುರಗಿಯ ಬಿಸಿಲಿಗೆ ತರುವವನು ಅದರ ಮೈಯ ದಪ್ಪ ತುಪ್ಪುಳನ್ನೇ ಅದಕ್ಕೆ ಹೊರೆಯಾಗಿಸುತ್ತಾನೆ. ಅತಿಭಾರವು ಬೆನ್ನಿನ ಮೇಲೆ ಹೇರಿದ ಮೂಟೆಯೇ ಆಗಬೇಕೆಂದಿಲ್ಲ. ಮಗು ಎತ್ತಿ ತಂದ ಬೀದಿಯ ಮರಿಯೋ, ಯಾರೋ ತೊರೆದ ನಾಯಿಯೋ ಈ ಎರಡು ದೋಷಗಳಿಂದಲೂ ದೂರ. ಬೀದಿಯ ಮರಿಯಾದರೆ ಅದರ ತಾಯಿ ಹತ್ತಿರದಲ್ಲಿಯೇ ಇದೆಯೇ ಎಂದು ನೋಡಿ, ಮೊಲೆ ಬಿಟ್ಟ ಮೇಲೆಯೇ ತರಬೇಕು.

ಬಸದಿಗಳ ಟ್ರಸ್ಟುಗಳಿಗೆ ಈ ಹೊಣೆ ಬೇರೊಂದು ರೂಪದಲ್ಲಿ ಬರುತ್ತದೆ. ಪರ್ವದ ದಿನಗಳಲ್ಲಿ ಎಂಜಲೆಲೆಗಳನ್ನು ಗೋಡೆಯಾಚೆಗೆ ಎಸೆದರೆ ನಾಯಿಗಳು ಸೇರುತ್ತವೆ, ಮುಂದಿನ ವಾರ ಊಟವಿಲ್ಲದೆ ಕಚ್ಚಾಡುತ್ತವೆ, ಯಾತ್ರಿಕರ ಮಗುವಿನ ಕೈಯಲ್ಲಿನ ತಿಂಡಿಗೆ ಎರಗುತ್ತವೆ. ಇದು ದಾನವಲ್ಲ, ಅನವಧಾನ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಗಳಿಗೆ ಮಕ್ಕಳು ಆಡುವ ಜಾಗದಿಂದಲೂ ಜನರು ಓಡಾಡುವ ಬಾಗಿಲುಗಳಿಂದಲೂ ದೂರದಲ್ಲಿ, ಗೊತ್ತಾದ ಹೊತ್ತಿಗೆ ಆಹಾರವಿಡಬೇಕೆನ್ನುತ್ತವೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಸಹ ಗೊತ್ತುಪಡಿಸಿದ ಸ್ಥಳದಲ್ಲಿಯೇ ಉಣಿಸಬೇಕೆಂದೂ, ದತ್ತು ಪಡೆದವರು ನಾಯಿಯನ್ನು ಮತ್ತೆ ಬೀದಿಗೆ ಬಿಡಕೂಡದೆಂದೂ ನಿರ್ದೇಶಿಸಿತು. ಆಹಾರವಿಟ್ಟ ಕೈಯೇ ಲಸಿಕೆಯನ್ನೂ ಹಾಕಿಸಬೇಕು. ರೇಬೀಸ್ ರೋಗದ ಲಕ್ಷಣ ಕಾಣಿಸಿದ ಮೇಲೆ ಉಳಿಯುವವರು ಇಲ್ಲವೆಂಬಷ್ಟು ವಿರಳ. ಮರಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷವೂ ತಪ್ಪದೆ ಹಾಕಿಸಬೇಕು. ಕಚ್ಚಿಸಿಕೊಂಡವರು ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ ಮೆತ್ತಿ ಕಾಯುತ್ತ ಕೂರಲಾಗದು. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯಲ್ಲಿ ಅರಮನೆಯ ನಾಯಿ ನವಿಲನ್ನು ಕೊಲ್ಲುತ್ತದೆ, ಕೋಪಗೊಂಡ ಅರಸನು ನಾಯಿಯನ್ನು ಕೊಲ್ಲುತ್ತಾನೆ. ನವಿಲು ತನ್ನ ತಂದೆಯ ಜೀವ, ನಾಯಿ ತನ್ನ ಅಜ್ಜಿಯ ಜೀವ ಎಂಬುದು ಅವನಿಗೆ ಆಗ ತಿಳಿದಿರಲಿಲ್ಲ. ಎರಡನ್ನೂ ಒಂದೇ ಅರಮನೆಯಲ್ಲಿ ಇರಿಸಿಕೊಂಡವನು ಅವನೇ ಎಂಬುದು ಮಾತ್ರ ತಿಳಿದೇ ಇತ್ತು.

ಹತ್ತು ಹನ್ನೆರಡು ವರ್ಷಗಳಲ್ಲಿ ನಾಯಿ ಮುದಿಯಾಗುತ್ತದೆ. ಕಣ್ಣು ಮಂಜಾಗಿ, ಹಿಂಗಾಲು ಸೋತು, ಕುಳಿತಲ್ಲೇ ಒದ್ದೆಮಾಡಿಕೊಳ್ಳುವ ಹೊತ್ತಿಗೆ, ಅದನ್ನು ತಂದ ಮಗು ಓದಿಗಾಗಿ ಬೇರೆ ಊರು ಸೇರಿರುತ್ತದೆ. ದೂರದ ಮಾರುಕಟ್ಟೆಯ ಬಳಿ ನಾಯಿಯನ್ನು ಇಳಿಸಿ ಬರುವ ವಾಹನಗಳು ಬರುವುದು ಈ ಹೊತ್ತಿನಲ್ಲಿಯೇ. ಭಾಸ್ಕರ ಕವಿಯು 1424ರಲ್ಲಿ ಕನ್ನಡಕ್ಕೆ ತಂದ ಜೀವಂಧರನ ಚರಿತೆಯಲ್ಲಿ ಒಂದು ನಾಯಿಯಿದೆ. ಯಜ್ಞದ ಅನ್ನಕ್ಕೆ ಬಾಯಿಟ್ಟಿತೆಂದು ಹೊಡೆಸಿಕೊಂಡು ಸಾಯುತ್ತಿದ್ದ ನಾಯಿ ಅದು. ಜೀವಂಧರನು ಅದನ್ನು ಸಾಕಿದವನಲ್ಲ, ಅದರಿಂದ ಅವನಿಗೆ ಆಗಬೇಕಾದುದೂ ಇರಲಿಲ್ಲ. ಅದರ ಪ್ರಾಣ ಉಳಿಯುವಂತಿರಲಿಲ್ಲ. ಅವನು ಅದರ ಬಳಿ ಕುಳಿತು, ಉಸಿರು ನಿಲ್ಲುವವರೆಗೆ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿದನು.