ಹೆಸರಿಡುವವನ ಧರ್ಮ

ಸಿಂಧನೂರಿನ ಆರ್.ಎಚ್. ಕ್ಯಾಂಪಿನಲ್ಲಿ ಪೂರ್ವಬಂಗಾಳದಿಂದ ಬಂದು ನೆಲೆನಿಂತ ಕುಟುಂಬಗಳು ತುಂಗಭದ್ರೆಯ ಕಾಲುವೆಯ ನೀರಿನಿಂದ ಬತ್ತವನ್ನು ಬೆಳೆಯುವುವು. ಬತ್ತದ ಗರಿಗಳಲ್ಲಿ ಬೂದುಬಣ್ಣದ ಮಚ್ಚೆಗಳೆದ್ದು ಪೈರು ಸುಟ್ಟಂತೆ ತೋರುವ ವ್ಯಾಧಿಗೆ ಬೆಂಕಿರೋಗವೆಂದು ಹೆಸರು. ಅದಕ್ಕೆ ಕಾರಣವು ಒಂದು ಶಿಲೀಂಧ್ರ. ಬದುವಿನ ಹುಲ್ಲಿನಲ್ಲಿಯೂ ಅಂತಹ ಮಚ್ಚೆ ಕಂಡೊಡನೆ, ಅದನ್ನೇ ಅಪರಾಧಿಯೆನ್ನುವುದು ನ್ಯಾಯವೆ?

ತರ್ಕಶಾಸ್ತ್ರವು ಲಕ್ಷಣಕ್ಕೆ ಹೇಳುವ ದೋಷಗಳಲ್ಲಿ ಎರಡು ಇಲ್ಲಿ ಸ್ಮರಣೀಯವಾದುವು. ಕಪಿಲವರ್ಣದ್ದೇ ಗೋವೆಂದರೆ ಬಿಳಿಯ ಹಸು ಹೊರಗುಳಿಯುವುದು, ಇದು ಅವ್ಯಾಪ್ತಿ. ಕೊಂಬುಳ್ಳದ್ದೆಲ್ಲ ಗೋವೆಂದರೆ ಎಮ್ಮೆಯೂ ಗೋವಾಗುವುದು, ಇದು ಅತಿವ್ಯಾಪ್ತಿ.

ಈ ಶಿಲೀಂಧ್ರದ ನಾಮಕರಣದಲ್ಲಿ ಎರಡೂ ದೋಷಗಳು ನಡೆದುಹೋದುವು. ಬತ್ತದಲ್ಲಿರುವುದೇ ಪೈರಿಕ್ಯುಲೇರಿಯ ಒರೈಝೀ ಎಂದಾಗ, ರಾಗಿಯಲ್ಲಿಯೂ ಪರದೇಶದ ಹುಲ್ಲುಹಾಸಿನ ರೈ ಹುಲ್ಲಿನಲ್ಲಿಯೂ ಇರುವ ಅದೇ ಜಾತಿಯು ಹೊರಗುಳಿಯಿತು. ರೂಪಸಾಮ್ಯವೇ ಸಾಕೆಂದು ಎಲ್ಲವನ್ನೂ ಗ್ರಿಸಿಯ ಎಂದಾಗ, ಬೇರೆಯದೂ ಒಳಸೇರಿತು. ಸೂಕ್ಷ್ಮದರ್ಶಕಕ್ಕೂ ತೋರದ ಭೇದವನ್ನು ವಂಶವಾಹಿಗಳಲ್ಲಿ ಓದಿ, 2002ರಲ್ಲಿ ಕೌಚ್ ಮತ್ತು ಕೋನ್ ಎಂಬ ವಿದ್ವಾಂಸರು, ಡಿಜಿಟೇರಿಯ ಎಂಬ ಕಳೆಹುಲ್ಲಿನದು ಬೇರೆ, ಬತ್ತದ್ದು ಬೇರೆ ಎಂದು ತೋರಿಸಿದರು.

ಇದು ಪಂಡಿತರ ವಿನೋದವಲ್ಲ. ಹೆಸರಿನ ಹಿಂದೆಯೇ ದಂಡನೆ ಬರುವುದು. ಶಿಲೀಂಧ್ರವು ತಪ್ಪು ಹೆಸರಿಗೆ ನೋಯದು, ಮನುಷ್ಯನು ನೋಯುವನು. ಬಿಡಾರವು ಊರಾದ ಮೇಲೂ ‘ಕ್ಯಾಂಪ್’ ಎಂಬ ಹೆಸರು ನಿಂತಿದೆ. ಅಲ್ಲಿಯೇ ಹುಟ್ಟಿ ಉತ್ತುಬಿತ್ತಿದವನನ್ನೂ ನಿರಾಶ್ರಿತನೆಂದು ಕರೆವುದು ಅತಿವ್ಯಾಪ್ತಿಯೇ ಸರಿ. ಆದುದರಿಂದ ಹೆಸರಿಡುವವನು ರೂಪಕ್ಕೆ ಮರುಳಾಗದೆ ಲಕ್ಷಣವನ್ನು ಶೋಧಿಸತಕ್ಕದ್ದು. ಕೊಟ್ಟ ಹೆಸರು ಹೊಂದದೆಂದು ತಿಳಿದಾಗ ಅದನ್ನು ಹಿಂತೆಗೆದುಕೊಳ್ಳುವುದೂ ಧರ್ಮವೇ.